ಓದುಗರ ಪ್ರಶ್ನೆ: ಬಯೋಸ್ ಪರದೆಯನ್ನು ಆನ್‌ಲೈನ್ ಪಾಠದಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ಪುಣೆಯ ಚಿಂಚವಾಡದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಊರು ವಿಜಯಪುರದ ಕಡೆ. ಊರಿನ ಹುಡುಗರಿಗೆ ಭಾನುವಾರ ಗೂಗಲ್ ಮೀಟ್‌ನಲ್ಲಿ ಹಾರ್ಡ್‌ವೇರ್ ಪಾಠ ಹೇಳಿಕೊಡುತ್ತೇನೆ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಬೂಟ್ ಆರ್ಡರ್, ಅಂದರೆ ಕಂಪ್ಯೂಟರ್ ಯಾವ ಡಿಸ್ಕಿನಿಂದ ಶುರುವಾಗಬೇಕೆಂಬ ಸರದಿ, ಬದಲಿಸುವುದು, ವಿಂಡೋಸ್ ಹಾಕುವುದು ಇವನ್ನೆಲ್ಲ ತೋರಿಸಬೇಕು. ಈಗ ಮೊಬೈಲನ್ನೇ ಮಾನಿಟರ್ ಎದುರು ಹಿಡಿಯುತ್ತೇನೆ, ಪಟ್ಟೆ ಪಟ್ಟೆ ಕಾಣುತ್ತದೆ, ಅಕ್ಷರ ಓದಲಾಗುವುದಿಲ್ಲ ಅಂತಾರೆ. ರಿಪೇರಿಯ ಕಂಪ್ಯೂಟರಿಗೂ ನನ್ನ ಲ್ಯಾಪ್‌ಟಾಪಿಗೂ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿದೆ, ಏನೂ ಬರಲಿಲ್ಲ. ಕ್ಯಾಪ್ಚರ್ ಕಾರ್ಡ್ ತಗೊಳ್ಳಿ ಎನ್ನುತ್ತಾರೆ. ಐನೂರು ರೂಪಾಯಿಯದೂ ಇದೆ, ಹತ್ತು ಸಾವಿರದ್ದೂ ಇದೆ. ಯಾವುದು ಸಾಕು?

ಉತ್ತರ: ಈ ಪ್ರಶ್ನೆ ಕೇಳುವ ಹೆಚ್ಚಿನವರಿಗೆ ‘ನಿಮಗೆ ಕಾರ್ಡೇ ಬೇಡ’ ಅಂದುಬಿಡಬಹುದು. ಎರಡನೇ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ಲೋ ಟ್ಯಾಲಿಯೋ ತೋರಿಸುವುದಿದ್ದರೆ ಆ ಲ್ಯಾಪ್‌ಟಾಪನ್ನೂ ಅದೇ ಮೀಟಿಂಗಿಗೆ ಸೇರಿಸಿ, ಅದರ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚಿ, ಅಲ್ಲಿಂದಲೇ ಪರದೆ ಹಂಚಿದರಾಯಿತು. ಖರ್ಚಿಲ್ಲ, ಚಿತ್ರವೂ ಸ್ವಚ್ಛ. ನಿಮ್ಮ ಸಂಗತಿ ಬೇರೆ. ಬಯೋಸ್ ತೆರೆದಿರುವಾಗ ಆ ಕಂಪ್ಯೂಟರಿನಲ್ಲಿ ವಿಂಡೋಸೂ ಇಲ್ಲ, ಬ್ರೌಸರೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಪರದೆ ಹಂಚುವ ಯಾವ ಸಾಫ್ಟ್‌ವೇರೂ ಅಲ್ಲಿ ಓಡುವುದಿಲ್ಲ. ಹೊರಗೆ ಬರುತ್ತಿರುವ ವಿಡಿಯೊ ಸಿಗ್ನಲನ್ನೇ ಹಿಡಿಯಬೇಕು. ಕ್ಯಾಪ್ಚರ್ ಕಾರ್ಡ್ ಇರುವುದೇ ಇಂಥ ಕೆಲಸಕ್ಕೆ.

ಮೊದಲು ಕೇಬಲಿನ ವಿಷಯ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ ನಲ್ಲಿಯ ಹಾಗೆ, ಹೊರಗೆ ಬಿಡುವುದಷ್ಟೇ ಅದಕ್ಕೆ ಗೊತ್ತು. ಎರಡು ನಲ್ಲಿಗಳ ನಡುವೆ ಪೈಪು ಕಟ್ಟಿದರೆ ಯಾವ ಕಡೆಗೂ ನೀರು ಬಾರದು. ಕಾರ್ಡ್ ಆ ಸಿಗ್ನಲನ್ನು ಒಳಗೆ ತೆಗೆದುಕೊಂಡು, ಯುಎಸ್‌ಬಿ ಮೂಲಕ ನಿಮ್ಮ ಲ್ಯಾಪ್‌ಟಾಪಿಗೆ ‘ನಾನೊಂದು ವೆಬ್‌ಕ್ಯಾಮ್’ ಎಂದು ಪರಿಚಯ ಹೇಳಿಕೊಳ್ಳುತ್ತದೆ. ಯುವಿಸಿ ಎಂಬ ಸಾಮಾನ್ಯ ಪದ್ಧತಿಯನ್ನು ಅನುಸರಿಸುವ ಕಾರ್ಡಾದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದರಲ್ಲೂ ಡ್ರೈವರ್ ಹಾಕುವ ತಾಪತ್ರಯವಿಲ್ಲ. ರಿಪೇರಿಯ ಕಂಪ್ಯೂಟರಿಗೆ ಅದೇ ಕಾರ್ಡ್ ಒಂದು ಮಾನಿಟರಿನಂತೆ ಕಾಣುತ್ತದೆ.

ಐನೂರರ ಕಾರ್ಡಿನ ಡಬ್ಬಿಯ ಮೇಲೆ ‘4ಕೆ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಪೂರ್ತಿ ಸುಳ್ಳಲ್ಲ, ಆದರೆ ಆ ಮಾತು ಒಳಗೆ ಬರುವ ಸಿಗ್ನಲಿಗೆ ಮಾತ್ರ ಸಲ್ಲುತ್ತದೆ. ಯುಎಸ್‌ಬಿ ಕಡೆಯಿಂದ ಹೊರಬೀಳುವುದು ಸಾಮಾನ್ಯವಾಗಿ 1920×1080, ಸೆಕೆಂಡಿಗೆ 30 ಫ್ರೇಮ್, ಅದೂ ಅದುಮಿದ (ಕಂಪ್ರೆಸ್ ಮಾಡಿದ) ಚಿತ್ರ. ಕಾರಣ ಸರಳ ಗುಣಾಕಾರದಲ್ಲಿದೆ. ಅದುಮದ ಚಿತ್ರದಲ್ಲಿ ಒಂದು ಪಿಕ್ಸೆಲ್‌ಗೆ 2 ಬೈಟ್ ಎಂದು ಹಿಡಿದರೂ 1080ಪಿ ವಿಡಿಯೊ 30 ಫ್ರೇಮ್‌ನಲ್ಲಿ ಸೆಕೆಂಡಿಗೆ ಸುಮಾರು 995 ಮೆಗಾಬಿಟ್ ಆಗುತ್ತದೆ. ಯುಎಸ್‌ಬಿ 2.0 ದಾರಿಯ ಅಗಲ 480 ಮೆಗಾಬಿಟ್ ಮಾತ್ರ. ಹಾಗಾಗಿ ಅಗ್ಗದ ಕಾರ್ಡ್ ಪ್ರತಿ ಫ್ರೇಮನ್ನೂ ಜೆಪೆಗ್ ಚಿತ್ರ ಮಾಡಿ ಕಳಿಸುತ್ತದೆ.

ಸಿನಿಮಾ, ಆಟ ತೋರಿಸುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಅಕ್ಷರದಲ್ಲಿ ಬೀಳುತ್ತದೆ. ಹೀಗೆ ಅದುಮುವಾಗ ಬಣ್ಣದ ವಿವರವನ್ನು ಅರ್ಧಕ್ಕೋ ಕಾಲಿಗೋ ಇಳಿಸುತ್ತಾರೆ. ಬಿಳಿಯ ಮೇಲೆ ಕಪ್ಪಕ್ಷರ ಚೆನ್ನಾಗಿಯೇ ಇರುತ್ತದೆ, ಕಪ್ಪು ಹಿನ್ನೆಲೆಯ ಮೇಲಿನ ಕೆಂಪಕ್ಷರದ ಅಂಚು ಮಾತ್ರ ಕದಡಿದಂತಾಗುತ್ತದೆ. ಈಗಿನ ಗೇಮಿಂಗ್ ಮದರ್‌ಬೋರ್ಡುಗಳ ಬಯೋಸ್ ನೋಡಿ, ಕಪ್ಪು ಕೆಂಪೇ ಹೆಚ್ಚು! ಕನ್ನಡದ ಒತ್ತಕ್ಷರ, ದೀರ್ಘಗಳಿದ್ದ ಸ್ಲೈಡ್ ತೋರಿಸಿದರೂ ಕೆಳಗಿನ ಒತ್ತೇ ಮೊದಲು ಕರಗುತ್ತದೆ. ಹಳೆಯ ನೀಲಿ ಪರದೆ, ಬಿಳಿ ಅಕ್ಷರದ ಬಯೋಸಿಗೆ ಅಷ್ಟೇನೂ ತೊಂದರೆಯಿಲ್ಲ.

ನನ್ನ ಲೆಕ್ಕದಲ್ಲಿ ನಿಮಗೆ ಹತ್ತು ಸಾವಿರದ್ದು ಬೇಡ. ನಿಜವಾದ ಯುಎಸ್‌ಬಿ 3.0 ಇರುವ, ನಡುವಿನ ಬೆಲೆಯ ಕಾರ್ಡ್ ಸಾಕು. ಅದರಲ್ಲಿ ಇನ್ನೊಂದು ಎಚ್‌ಡಿಎಂಐ ಕಿಂಡಿ, ಅಂದರೆ ಮಾನಿಟರಿಗೆ ಹೋಗುವ ದಾರಿ, ಇರಲೇಬೇಕು. ಕಾರ್ಡಿನ ಮೂಲಕ ಬಂದ ಚಿತ್ರ ಸ್ವಲ್ಪ ತಡವಾಗಿ ಕಾಣುತ್ತದೆ. ಅದನ್ನೇ ನೋಡುತ್ತ ಕೀಲಿ ಒತ್ತಹೋದರೆ ಒಂದರ ಬದಲು ಎರಡು ಸಾಲು ಕೆಳಗಿಳಿದಿರುತ್ತೀರಿ. ನಿಮ್ಮ ಕಣ್ಣು ಮಾನಿಟರಿನ ಮೇಲಿರಲಿ, ಹುಡುಗರು ಕಾರ್ಡಿನದನ್ನು ನೋಡಲಿ. ಆ ಕಿಂಡಿ ಇಲ್ಲದ ಕಾರ್ಡ್ ಈಗಾಗಲೇ ಕೊಂಡಿದ್ದರೆ ಒಂದೇ ಸಿಗ್ನಲನ್ನು ಎರಡು ಕಡೆಗೆ ಕೊಡುವ ಎಚ್‌ಡಿಎಂಐ ಸ್ಪ್ಲಿಟ್ಟರ್ ಹಾಕಿಕೊಳ್ಳಿ. ವಿಜಿಎ ಮಾತ್ರ ಇರುವ ಹಳೆಯ ಯಂತ್ರಕ್ಕೆ ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಬೇಕು, ಬರೀ ಕೇಬಲ್ ನಡೆಯದು.

ಇನ್ನು ಬಯೋಸಿನದೇ ಒಂದು ಕಿರಿಕಿರಿ. ಕಂಪ್ಯೂಟರ್ ಶುರುವಾಗುವಾಗ ಪರದೆಯ ರೆಸಲ್ಯೂಶನ್ ಹಲವು ಸಲ ಬದಲಾಗುತ್ತದೆ. ಪ್ರತಿ ಸಲವೂ ಕಾರ್ಡ್ ಸಿಗ್ನಲನ್ನು ಹೊಸದಾಗಿ ಹಿಡಿಯಬೇಕು, ಅಷ್ಟು ಹೊತ್ತು ಕಪ್ಪು. ಕಂಪನಿಯ ಲೋಗೊ ಬಂದು ‘ಡಿಲೀಟ್ (Del) ಕೀಲಿ ಒತ್ತಿ’ ಎನ್ನುವ ಗಳಿಗೆ ಅದರಲ್ಲೇ ಕಳೆದುಹೋಗುತ್ತದೆ. ಆ ತುಣುಕನ್ನು ಬಾಯಲ್ಲಿ ಹೇಳಿಬಿಡಿ, ಅಥವಾ ಬಯೋಸಿನಲ್ಲಿ ಫಾಸ್ಟ್ ಬೂಟ್ ಆಯ್ಕೆಯನ್ನು ಆಫ್ ಮಾಡಿಡಿ. ಕೇಬಲನ್ನು ಪವರ್ ಕೊಡುವ ಮೊದಲೇ ಸಿಕ್ಕಿಸಿರಬೇಕು. ಡೆಸ್ಕ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಕಿಂಡಿಗೇ ಹಾಕಿ, ಮದರ್‌ಬೋರ್ಡಿನದಕ್ಕಲ್ಲ. ಲ್ಯಾಪ್‌ಟಾಪ್ ರಿಪೇರಿಯ ಪಾಠವಾದರೆ ಮೊದಲೇ ಪರೀಕ್ಷಿಸಿಟ್ಟುಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳು ಬಯೋಸನ್ನು ತಮ್ಮ ಸ್ವಂತ ಪರದೆಯ ಮೇಲೆ ಮಾತ್ರ ತೋರಿಸುತ್ತವೆ, ಎಚ್‌ಡಿಎಂಐ ಎಚ್ಚರವಾಗುವುದು ವಿಂಡೋಸ್ ಬಂದ ಮೇಲೆ. ಅಂಥದ್ದಕ್ಕೆ ಯಾವ ಕಾರ್ಡೂ ಉಪಯೋಗವಿಲ್ಲ.

ಮೀಟ್‌ನಲ್ಲಿ ಕಾರ್ಡನ್ನು ಕ್ಯಾಮೆರಾ ಎಂದು ಆರಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ಚಿತ್ರ ಬರುತ್ತದೆ, ಆದರೆ ನಿಮಗೆ ಅಕ್ಷರವೆಲ್ಲ ಕನ್ನಡಿಯಲ್ಲಿ ನೋಡಿದಂತೆ ತಿರುಗಿ ಕಾಣುತ್ತದೆ. ಗಾಬರಿ ಬೇಡ, ಹುಡುಗರಿಗೆ ನೆಟ್ಟಗೇ ಕಾಣುತ್ತಿರುತ್ತದೆ. ನಿಜವಾದ ಸಮಸ್ಯೆ ಬೇರೆ: ಮೀಟಿಂಗಿನ ಸಾಫ್ಟ್‌ವೇರ್ ಕ್ಯಾಮೆರಾ ಎಂದರೆ ಮನುಷ್ಯನ ಮುಖ ಎಂದುಕೊಂಡು ಚಲನೆಗೆ ಮಹತ್ವ ಕೊಟ್ಟು ಚಿತ್ರವನ್ನು ಕುಗ್ಗಿಸುತ್ತದೆ. ಪರದೆ ಹಂಚಿದಾಗ ಅಕ್ಷರದ ಸ್ಪಷ್ಟತೆಗೆ ಮಹತ್ವ. ಆದ್ದರಿಂದ ಉಚಿತವಾಗಿ ಸಿಗುವ ಓಬಿಎಸ್ ಎಂಬ ವಿಡಿಯೊ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರಲ್ಲಿ ‘ವಿಡಿಯೊ ಕ್ಯಾಪ್ಚರ್ ಡಿವೈಸ್’ ಎಂದು ಕಾರ್ಡನ್ನು ಸೇರಿಸಿ, ಪ್ರಿವ್ಯೂ ಮೇಲೆ ಬಲ ಕ್ಲಿಕ್ ಮಾಡಿ ಪ್ರೊಜೆಕ್ಟರ್ ಕಿಟಕಿಯೊಂದನ್ನು ತೆರೆದು, ಮೀಟ್‌ನಲ್ಲಿ ಆ ಕಿಟಕಿಯನ್ನು ಹಂಚಿ. ಝೂಮ್‌ನವರಿಗೆ ಇಷ್ಟು ಸುತ್ತು ಬೇಡ, ಶೇರ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಎರಡನೇ ಕ್ಯಾಮೆರಾದ ಚಿತ್ರವನ್ನೇ ಹಂಚುವ ಆಯ್ಕೆ ಇದೆ. ‘ಕ್ಯಾಮೆರಾ ಬೇರೆ ಆ್ಯಪ್ ಬಳಸುತ್ತಿದೆ’ ಎಂಬ ದೂರು ಬಂದರೆ ಓಬಿಎಸ್ ಮತ್ತು ಮೀಟ್ ಎರಡೂ ಒಂದೇ ಕಾರ್ಡಿಗೆ ಕೈ ಹಾಕಿವೆ ಎಂದರ್ಥ, ಮೀಟ್‌ನ ಕ್ಯಾಮೆರಾವನ್ನು ನಿಮ್ಮ ವೆಬ್‌ಕ್ಯಾಮಿಗೆ ತಿರುಗಿಸಿ.

ಆ ಮೊಬೈಲನ್ನು ಮೂಲೆಗೆಸೆಯಬೇಡಿ. ರ್‍ಯಾಮ್ ಕೂರಿಸುವ ಕೈಯನ್ನು ತೋರಿಸಲು ಅದೇ ಬೇಕು. ಕಂಪ್ಯೂಟರ್ ಶುರುವಾಗುವಾಗ ದೋಷ ತಿಳಿಸುವ ಬೀಪ್ ಶಬ್ದವೂ ಎಚ್‌ಡಿಎಂಐನಲ್ಲಿ ಬರುವುದಿಲ್ಲ, ಅದು ಬೋರ್ಡಿನ ಪುಟ್ಟ ಸ್ಪೀಕರಿನದು. ನಿಮ್ಮ ಮೈಕೇ ಹಿಡಿಯಬೇಕು. ಶಬ್ದ ತಗ್ಗಿಸುವ ಸೌಲಭ್ಯ ಚಾಲೂ ಇದ್ದರೆ ಬೀಪನ್ನೂ ಗದ್ದಲವೆಂದು ನುಂಗಿಬಿಡಬಹುದು.

ನಿಮಗೆ ಸಂಬಂಧಿಸಿದ್ದಲ್ಲ, ಆದರೆ ಬೇರೆಯವರು ಕೇಳುತ್ತಿರುತ್ತಾರೆ: ಸೆಟ್‌ಟಾಪ್ ಬಾಕ್ಸ್ ಹಾಕಿದರೆ ಕಪ್ಪು ಪರದೆ ಬರುವುದು ನಕಲು ತಡೆಯುವ ಎಚ್‌ಡಿಸಿಪಿ ಎಂಬ ಬೀಗದಿಂದ. ಕಾರ್ಡ್ ಕೆಟ್ಟಿಲ್ಲ.

ಕಾರ್ಡ್ ಕೊಳ್ಳಲು ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಾಪ್ಕೀರ್ ಗಲ್ಲಿಗೆ ಹೋಗುವಾಗ ಓಬಿಎಸ್ ಹಾಕಿದ ಲ್ಯಾಪ್‌ಟಾಪ್, ಜೊತೆಗೆ ಎಚ್‌ಡಿಎಂಐ ಇರುವ ಇನ್ನೊಂದು ಯಂತ್ರ, ಎರಡನ್ನೂ ಒಯ್ಯಿರಿ. ಪ್ಲಗ್ಗಿನೊಳಗೆ ನೀಲಿ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಯುಎಸ್‌ಬಿ 3.0 ಎಂದು ನಂಬಬೇಡಿ. ನಿಮ್ಮ ಲ್ಯಾಪ್‌ಟಾಪಿನ 3.0 ಕಿಂಡಿಗೇ ನೇರವಾಗಿ ಸಿಕ್ಕಿಸಿ, ಓಬಿಎಸ್‌ನಲ್ಲಿ 1920×1080 ಇಟ್ಟು ವಿಡಿಯೊ ಫಾರ್ಮ್ಯಾಟನ್ನು ವೈಯುವೈ2, ಅಂದರೆ ಅದುಮದ ಚಿತ್ರ, ಮಾಡಿ. ಫ್ರೇಮ್ 30ಕ್ಕೆ ಏರದೆ 5ರ ಸುತ್ತಲೇ ತೆವಳಿದರೆ ಒಳಗಿರುವುದು ಯುಎಸ್‌ಬಿ 2.0. ಅದನ್ನು ಐನೂರಕ್ಕೆ ಕೊಡುತ್ತಾರಾ ಕೇಳಿ, ಇಲ್ಲವಾದರೆ ಪಕ್ಕದ ಅಂಗಡಿಗೆ ನಡೆಯಿರಿ.