ಶಿರಸಿಗೆ ಐದು ಅಕ್ಷರವಂತೆ!

"ಶಿರಸಿ ಅನ್ನೋ ಪದಕ್ಕೆ ಎಷ್ಟು ಅಕ್ಷರ?" ಎಂದು ಕೇಳಿದೆ. ಹುಡುಗ ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟಿದ. "ಐದು ಮೇಡಂ" ಎಂದ. ಜೊತೆಗೆ ಬಂದವನು ನನ್ನ ಹಳೇ ವಿದ್ಯಾರ್ಥಿ. ನನ್ನ ಮುಖ ಬದಲಾದರೆ ಮುಂದೆ ಏನಾಗುತ್ತದೆ ಅಂತ ಅವನಿಗೆ ಗೊತ್ತು. ಮೆಲ್ಲಗೆ ಗೆಳೆಯನ ಕಾಲು ತುಳಿದ. "ಅಕ್ಕೋರೇ, ಅವನಿಗೆ ಕನ್ನಡ ಬರ್ತದೆ, ಕಂಪ್ಯೂಟರ್ ಹಾಗೆ ಹೇಳ್ತದೆ ಅಷ್ಟೇ" ಎಂದ.

ಇಬ್ಬರೂ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ, ಮಳೆಯಲ್ಲಿ ನೆನೆದುಕೊಂಡು ಬಂದಿದ್ದರು. ಟೀವಿಯ ಹಳೇ ಪದದಾಟವನ್ನು ಈ ಕಾಲದವರಿಗೆ ಹೊಂದುವ ಹಾಗೆ ಕನ್ನಡದಲ್ಲಿ ಮಾಡಬೇಕು, ಊರಿನ ಕೇಬಲ್ ಚಾನೆಲ್ಲಿಗೂ ಮೊಬೈಲಿಗೂ ಒಗ್ಗಬೇಕು ಅನ್ನುವುದು ಅವರ ಆಸೆ. ಒಳ್ಳೇ ಆಸೆ. ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಯುವಕ ಮಂಡಳ, ಕಾಲೇಜು, ಕೇಬಲ್ಲಿನವರು ಅಂತ ಯಾರಾದರೂ ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಬುದ್ಧಿವಂತರೇ. ಎಲ್ಲರೂ ಒಂದೇ ಗುಂಡಿಗೆ ಬೀಳುತ್ತಾರೆ.

ಗುಂಡಿ ಯಾವುದು ಅಂತ ಹೇಳುತ್ತೇನೆ. ಶಿರಸಿ ಎಂದು ಟೈಪ್ ಮಾಡಿದರೆ ಕಂಪ್ಯೂಟರ್ ತನ್ನೊಳಗೆ ಬರೆದುಕೊಳ್ಳುವುದು ಹೀಗೆ: ಶ, ಒಂದು ಗುಡಿಸು, ರ, ಸ, ಇನ್ನೊಂದು ಗುಡಿಸು. ಒಟ್ಟು ಐದು. ಅದರ ಲೆಕ್ಕ ಅದಕ್ಕೆ ಸರಿ. ಕಾರವಾರಕ್ಕೆ ಆರು, ಹೊನ್ನಾವರಕ್ಕೆ ಎಂಟು. ಸ್ತ್ರೀ ಎಂಬ ಒಂದೇ ಅಕ್ಷರದ ಪದಕ್ಕೂ ಆರು! ಒಂದನೇ ಕ್ಲಾಸಿನ ಮಗುವನ್ನು ಕೇಳಿ. ಬೆರಳು ಮಡಚಿ ಶಿ, ರ, ಸಿ, ಮೂರು ಅನ್ನುತ್ತದೆ. ಹೊ, ನ್ನಾ, ವ, ರ, ನಾಲ್ಕು ಅನ್ನುತ್ತದೆ. ಗುಡಿಸು, ಕೊಂಬು, ಏತ್ವ, ಒತ್ತು ಇವನ್ನೆಲ್ಲ ನಾವು ಕಲಿಸುವುದು ಬರೆಯಲಿಕ್ಕೆ. ಎಣಿಸುವಾಗ ಅವು ಅಕ್ಷರದ ಮೈಮೇಲೇ ಇರುತ್ತವೆ, ಬೇರೆ ನಿಲ್ಲುವುದಿಲ್ಲ.

ಇಷ್ಟು ಹೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಗೊತ್ತಾಯ್ತು ಮೇಡಂ" ಅನ್ನುತ್ತಾರೆ. ಹದಿನೈದು ದಿನ ಬಿಟ್ಟು ನೋಡಿದರೆ ಮತ್ತೆ ಅದೇ ಐದು ಮನೆಯ ಪಟ್ಟಿ, ಮತ್ತೆ ಅದೇ ಬಿಡಿ ಗುಡಿಸು. ಹಾಗಾಗಿ ಇನ್ನೂ ಒಂದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಶಿರಸಿಯಿಂದ ಜೋಗಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿದ್ದೀರಾ? ಊರು ದಾಟುವುದರೊಳಗೆ ಅಂತ್ಯಾಕ್ಷರಿ ಶುರು. ಒಂದು ತಂಡದ ಹಾಡು 'ಳಿ'ಯಲ್ಲಿ ನಿಂತರೆ ಇನ್ನೊಂದು ತಂಡ 'ಲಿ' ಕೊಡಿ, 'ಲ' ಕೊಡಿ ಅಂತ ಗಲಾಟೆ ಮಾಡುತ್ತದೆ. ಕನ್ನಡದಲ್ಲಿ ಳ, ಣ ಇವುಗಳಿಂದ ಪದ ಶುರುವಾಗುವುದಿಲ್ಲ ಅಂತ ಮಕ್ಕಳಿಗೆ ಯಾರೂ ಪಾಠ ಮಾಡಿಲ್ಲ. ಆದರೂ ಳ ಬಂದರೆ ಲ, ಣ ಬಂದರೆ ನ ಅಂತ ಅವರೇ ನಿಯಮ ಮಾಡಿಕೊಂಡಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ಮಗುವೂ "ಗುಡಿಸು ಬಂತು, ಗುಡಿಸಿನಿಂದ ಹಾಡಿ" ಎಂದದ್ದನ್ನು ನಾನು ಕೇಳಿಲ್ಲ. ಬಸ್ಸಿನ ಹಿಂದಿನ ಸೀಟಿನ ಮಕ್ಕಳಿಗೆ ಗೊತ್ತಿರುವುದು ಎಂಜಿನಿಯರಿಂಗ್ ಓದಿದವರಿಗೆ ಮರೆತುಹೋಗುತ್ತದೆ ಅಂದರೆ ಏನು ಹೇಳುವುದು?

ತಪ್ಪು ಹುಡುಗರದ್ದು ಮಾತ್ರ ಅನ್ನಲಾರೆ. ಅವರು ನೋಡಿ ಬೆಳೆದ ಆಟಗಳೇ ಹಾಗಿವೆ. ಫ್ರಾನ್ಸಿನಲ್ಲಿ 1965ರಲ್ಲಿ ಅತಿ ಉದ್ದದ ಪದ ಹುಡುಕುವ ಒಂದು ಟೀವಿ ಆಟ ಶುರುವಾಯಿತು. ಅದರ ವಂಶದ್ದೇ ಬ್ರಿಟನ್ನಿನ 'ಕೌಂಟ್‌ಡೌನ್'. 1982ರ ನವೆಂಬರಿನಲ್ಲಿ ಅಲ್ಲಿಯ ಚಾನೆಲ್ 4 ಆರಂಭವಾದ ದಿನ ಮೊದಲು ಬಂದ ಕಾರ್ಯಕ್ರಮ ಅದೇ. ಒಂಬತ್ತು ಅಕ್ಷರ ಕೊಡುತ್ತಾರೆ, 30 ಸೆಕೆಂಡಿನಲ್ಲಿ ಸಾಧ್ಯವಾದಷ್ಟು ಉದ್ದದ ಪದ ಕಟ್ಟಬೇಕು. ಅಮೆರಿಕದ 'ವೀಲ್ ಆಫ್ ಫಾರ್ಚೂನ್' 1975ರದ್ದು. ಅಲ್ಲಿ ವ್ಯಂಜನ ಬೇಕಾದರೆ ಚಕ್ರ ತಿರುಗಿಸಬೇಕು, ಸ್ವರ ಬೇಕಾದರೆ 250 ಡಾಲರ್ ಕೊಟ್ಟು ಕೊಳ್ಳಬೇಕು. ಅವರಿಗೆ ಇರುವುದು 26 ಅಕ್ಷರ. ಅದರಲ್ಲಿ ಸ್ವರ ಐದು, ಅವೂ ಬಿಡಿಬಿಡಿಯಾಗಿ ನಿಲ್ಲುವಂಥವು. ಅದಕ್ಕೇ ಆ ವ್ಯಾಪಾರ ನಡೆಯುತ್ತದೆ. ನಮ್ಮ ವರ್ಣಮಾಲೆಯಲ್ಲಿ 49. ಅದರಲ್ಲಿ 34 ವ್ಯಂಜನಕ್ಕೆ 13 ಸ್ವರದ ಗುಣಿತ ಹಾಕಿದರೇ 442 ಆಯಿತು. ಒತ್ತಕ್ಷರದ ಸುದ್ದಿ ಇನ್ನೂ ಎತ್ತಿಯೇ ಇಲ್ಲ. ಇಷ್ಟರಲ್ಲಿ ಕಣ್ಣುಮುಚ್ಚಿ ಒಂಬತ್ತು ತೆಗೆದರೆ ಘೂ, ಞಾ, ಠೌ ಬರುತ್ತವೆ. ಅದರಲ್ಲಿ ಯಾವ ಪದ ಕಟ್ಟುವುದು?

ಕಾರವಾರದ ಒಂದು ವೇದಿಕೆಯಲ್ಲಿ ಇದೇ ಚಕ್ರದ ಆಟವನ್ನು ಕನ್ನಡಕ್ಕೆ ತಂದಿದ್ದರು. ನನ್ನನ್ನು ಕರೆದದ್ದು ತೀರ್ಪುಗಾರ್ತಿಯಾಗಿ, ಅದೂ ಎಲ್ಲ ತಯಾರಾದ ಮೇಲೆ. ದೊಡ್ಡ ಎಲ್‌ಇಡಿ ಪರದೆ, ಬಣ್ಣದ ಬೆಳಕು, ಸಮುದ್ರದ ಗಾಳಿಗೆ ಮೈಕಿನಲ್ಲಿ ಗೊರಗೊರ. ಗುಟ್ಟಿನ ಪದ 'ಕಾಳಿ ನದಿ'. ನಾಲ್ಕು ಅಕ್ಷರಕ್ಕೆ ಏಳು ಮನೆ ಮಾಡಿದ್ದರು. ಸ್ಪರ್ಧಿ "ಕ" ಅಂದರು. ಮೊದಲ ಮನೆಯಲ್ಲಿ ಕ ಬಂತು. ನಿರೂಪಕ, "ಸ್ವರ ಬೇಕಾ? ಐವತ್ತು ಅಂಕ!" ಎಂದ. ಸ್ಪರ್ಧಿ ಸಂಗೀತ ಕಲಿಸುವವರು. ಪಾಪ, ಗಂಭೀರವಾಗಿಯೇ ಕೇಳಿದರು: "ಯಾವ ಸ್ವರ? ಷಡ್ಜವಾ?" ಸಭೆ ಬಿದ್ದು ಬಿದ್ದು ನಕ್ಕಿತು. ಕೊನೆಗೆ "ಆ" ಕೊಂಡರು. ಪರದೆಯ ಎರಡನೇ ಮನೆಯಲ್ಲಿ ಒಂದು ಇಳಿ ಮೂಡಿತು. ಹಿಡಿದುಕೊಳ್ಳಲು ವ್ಯಂಜನ ಇಲ್ಲದಿದ್ದರೆ ಕಂಪ್ಯೂಟರ್ ಒಂದು ಸಣ್ಣ ಚುಕ್ಕಿಯ ವೃತ್ತ ಬರೆದು ಅದಕ್ಕೆ ಚಿಹ್ನೆಯನ್ನು ಅಂಟಿಸುತ್ತದೆ. ಆಳೆತ್ತರದ ಪರದೆಯಲ್ಲಿ ಆ ವೃತ್ತ ಜಗಜಗ ಹೊಳೆಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಮೊಮ್ಮಗನಿಗೆ ಕೇಳಿದ್ದು ನನಗೂ ಕೇಳಿಸಿತು: "ಅದೆಂತದಾ, ಆ ಚಕ್ಲಿ?"

ಅಂದಿನಿಂದ ನನ್ನ ಹತ್ತಿರ ಬಂದವರಿಗೆಲ್ಲ ಮೊದಲು ಕೇಳುವುದು, "ನಿಮ್ಮ ಪರದೆಯಲ್ಲಿ ಚಕ್ಲಿ ಬರ್ತದಾ?" ಅಂತ.

ಕಂಪ್ಯೂಟರಿನ ಮೇಲೆ ಪೂರ್ತಿ ಹೊರಿಸುವುದೂ ಸರಿಯಲ್ಲ. ಮರದ ಹಲಗೆಯಲ್ಲೂ ಈ ತಪ್ಪು ಮಾಡಿದವರಿದ್ದಾರೆ. ಒಂದು ಕಡೆ 'ಗೋಕರ್ಣ'ಕ್ಕೆ ನಾಲ್ಕು ಮನೆ ಬರೆದು, ಕೊನೆಯ ಮನೆಯಲ್ಲಿ ಅರ್ಕಾವೊತ್ತನ್ನು ಒಂಟಿಯಾಗಿ ನಿಲ್ಲಿಸಿದ್ದರು. ಗೋಕರ್ಣದಿಂದಲೇ ಬಂದಿದ್ದ ಒಬ್ಬರು ಎದ್ದು, "ನಮ್ಮೂರಿಗೆ ಮೂರೇ ಅಕ್ಷರ, ಇದು ಯಾವ ಊರು?" ಎಂದರು. ಪೇಂಟರ್ ಮಾತ್ರ ಜಗ್ಗಲಿಲ್ಲ. "ಕೊನೆಗೆ ಬರೆಯೋದು ಅದೇ ಅಲ್ವಾ?" ಎಂದ. ಬರೆಯುವುದು ಕೊನೆಗೆ, ಓದುವುದು ಮೊದಲು. ಅರ್ಕಾವೊತ್ತಿನ ಕಷ್ಟವೇ ಅದು.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ. ಬೇರೆಯವರು ಇದಕ್ಕಿಂತ ಚೆನ್ನಾಗಿ ಮಾಡಿರಬಹುದು.

ಬಿಲ್ಲೆಯ ಮೇಲೆ ಬರೀ ವ್ಯಂಜನ ಬರೆಯಿರಿ. ಗುಣಿತ ಆಡುವವರಿಗೆ ಬಿಟ್ಟದ್ದು, ಪುಕ್ಕಟೆ. ಸಿದ್ದಾಪುರದ ಕಡೆ ಒಂದು ಹಳ್ಳಿಯಲ್ಲಿ ನವರಾತ್ರಿಗೆ ಇದನ್ನು ಮೊದಲ ಸಲ ಆಡಿಸಿದೆ. ಬಡಗಿಯೊಬ್ಬರು ಹಲಸಿನ ಹಲಗೆಯಲ್ಲಿ ಅಂಗೈ ಅಗಲದ ಬಿಲ್ಲೆ ಮಾಡಿಕೊಟ್ಟಿದ್ದರು. ಮೇಲ್ಗಡೆ ತೂತು, ನೇತು ಹಾಕಲು ಮೊಳೆ. ಆರು ಬಿಲ್ಲೆ ತೆಗೆದೆವು: ಕ, ರ, ಡ, ಲ, ಮ, ಸ. ಮೊದಲ ಐದು ಸೆಕೆಂಡು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಹುಡುಗ "ಕರಡಿ" ಎಂದ. ಅಷ್ಟೇ, ತೂಬು ತೆಗೆದ ಹಾಗೆ ಆಯಿತು. ಕಡಲೆ, ಮೊಸರು, ಕೆಸರು, ಸಿಡಿಲು, ಡಮರು. ಒಲೆ ಹತ್ತಿರ ಚಹಾ ಸೋಸುತ್ತಿದ್ದ ಹೆಂಗಸು ಅಲ್ಲಿಂದಲೇ "ಮಸಾಲೆ" ಎಂದು ಕೂಗಿದರು. ಒಬ್ಬ ಕಾಲೇಜು ಹುಡುಗಿ "ಕಾಮಿಡಿ" ಅಂದಳು. ಅದು ಕನ್ನಡವೋ ಅಲ್ಲವೋ ಅಂತ ಅರ್ಧ ಊರು ವಾದಕ್ಕೆ ನಿಂತಿತು. ನಾನು ಅಂಕ ಕೊಟ್ಟೆ. ಸಿಡಿಲು ಹೇಳಿದವರಿಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ಒತ್ತಿಗೆ ನನ್ನ ನಿಯಮ ಇಷ್ಟು. ಕಲ್ಲು ಕಟ್ಟಲು ಲ ಬಿಲ್ಲೆ ಒಂದೇ ಸಾಕು, ತನ್ನ ಒತ್ತು ತನಗೆ. ಭಟ್ಕಳ ಕಟ್ಟಬೇಕಾದರೆ ಟ ಬೇಕು, ಕ ಕೂಡ ಬೇಕು. ಸೊನ್ನೆ ಪುಕ್ಕಟೆ. ಅಂಕೋಲಾದ 'ಅಂ' ಒಂದೇ ಮನೆ.

ಪದ ಊಹಿಸುವ ಮೊಬೈಲ್ ಆಟಕ್ಕೂ ಇದೇ ಲೆಕ್ಕ. ಇಂಗ್ಲಿಷಿನ 'ವರ್ಡಲ್' ಬಂದದ್ದು 2021ರಲ್ಲಿ, ಮುಂದಿನ ಜನವರಿಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡೇಬಿಟ್ಟಿತು. ಆಗಿನಿಂದ ಹುಡುಗರಿಗೆ ಅದರದ್ದೇ ಧ್ಯಾನ. ಅದರಲ್ಲಿ ಜಾಗವೂ ಸರಿಯಾದರೆ ಹಸಿರು, ಅಕ್ಷರ ಇದ್ದು ಜಾಗ ತಪ್ಪಿದರೆ ಹಳದಿ. ಕನ್ನಡಕ್ಕೆ ಮೂರನೇ ಬಣ್ಣವೊಂದು ಬೇಕು: ವ್ಯಂಜನ ಸರಿ, ಗುಣಿತ ತಪ್ಪು. ಗುಟ್ಟಿನ ಪದ 'ಕಡಲು' ಅಂತಿಟ್ಟುಕೊಳ್ಳಿ. ನೀವು 'ಕೂಡಲೆ' ಎಂದಿರಿ. ಡ ಹಸಿರು. ಕೂ ಮತ್ತು ಲೆ ಮೂರನೇ ಬಣ್ಣ. ಆ ಬಣ್ಣ ಇಲ್ಲದಿದ್ದರೆ ಎರಡೂ ತಪ್ಪು ಅಂತ ತೋರಿಸುತ್ತದೆ. ಆಡುವವರು ಪೂರಾ ದಾರಿ ತಪ್ಪಿ, ಸುಮ್ನೆ ಮೊಬೈಲ್ ಕೆಳಗಿಡುತ್ತಾರೆ.

ಎಲ್ಲಕ್ಕೂ ಉತ್ತರ ಇದೆ ಅಂತ ನಾನು ಜಂಬ ಕೊಚ್ಚಿಕೊಳ್ಳುವುದಿಲ್ಲ. ಬಸ್, ಫೋನ್, ಪೆನ್ ಇವು ಈಗಲೂ ತಲೆನೋವು. 'ಬಸ್' ಒಂದಕ್ಷರವೋ ಎರಡೋ? ಕೊನೆಯ ಅರ್ಧ ಸ್ ತಾನಾಗಿ ಒಂದು ಅಕ್ಷರ ಆಗುವುದಿಲ್ಲ, ಆದರೆ ಕಾಗದದ ಮೇಲೆ ಅದಕ್ಕೆ ಬೇರೆ ಜಾಗ ಬೇಕು. ನಾನು ಬಸ್ಸು, ಫೋನು, ಪೆನ್ನು ಅಂತ ಮಾಡಿ ಎರಡು ಎಣಿಸುತ್ತೇನೆ. ಇದಕ್ಕೆ ಒಪ್ಪದ ಪಂಡಿತರಿದ್ದಾರೆ, ಅವರ ಮಾತಲ್ಲೂ ಹುರುಳಿದೆ. ಏನೇ ಮಾಡಿ, ಆಟ ಶುರುವಾಗುವ ಮೊದಲು ನಿಯಮ ಹೇಳಿಬಿಡಿ. ನಡುವೆ ಹೇಳಿದರೆ ಹೊಡೆದಾಟ.

ಉದ್ದದ ಪದಕ್ಕೆ ಜಾಸ್ತಿ ಅಂಕ ಅನ್ನುವುದನ್ನೂ ಸ್ವಲ್ಪ ನೋಡಿ ಇಡಿ. ನಮ್ಮಲ್ಲಿ ಪದಕ್ಕೆ ಬಾಲ ಕಟ್ಟುತ್ತಲೇ ಹೋಗಬಹುದು. ಮನೆ ಎರಡಕ್ಷರ, 'ಮನೆಯಲ್ಲಿದ್ದವರಿಗೂ' ಎಂಟು. ಹೀಗೆ ಬಿಟ್ಟರೆ ಗೆಲ್ಲುವವರು ವ್ಯಾಕರಣದ ಮಾಸ್ತರರು ಮಾತ್ರ. ವಿಭಕ್ತಿ ಹತ್ತದ ಪದ ಮಾತ್ರ ಸೈ ಅಂತ ನಾನು ಹೇಳಿಬಿಡುತ್ತೇನೆ.

ತೀರ್ಪಿಗೆ ನಿಘಂಟು ಬೇಕೇ ಬೇಕು. 1894ರಲ್ಲಿ ಬಂದ ಕಿಟ್ಟೆಲರ ನಿಘಂಟು ನನ್ನ ಮೇಜಿನ ಮೇಲಿರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ ಕಪಾಟಿನಲ್ಲಿದೆ, ಇಳಿಸಲು ಇಬ್ಬರು ಬೇಕು. ಆದರೆ ನಮ್ಮ ಜಿಲ್ಲೆಯಲ್ಲಿ ಆಡಿಸುವಾಗ ಪಕ್ಕದಲ್ಲಿ ಊರಿನ ಇಬ್ಬರು ಹಿರಿಯರನ್ನೂ ಕೂರಿಸಿಕೊಳ್ಳಿ. ಕುಮಟಾದ ಹುಡುಗರ ಆ್ಯಪಿಗೆ 'ತೊಡೆದೇವು' ಅಂತ ಹಾಕಿ ನೋಡಿದೆ. "ಇಂಥ ಪದ ಇಲ್ಲ" ಎಂದಿತು. ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟನ್ನು ತೆಳ್ಳಗೆ ತೊಡೆದು, ಕಾಗದದ ಹಾಗೆ ಎಬ್ಬಿಸಿ ಮಡಚುವ ತಿಂಡಿ. ಶಿರಸಿ ಪೇಟೆಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಒಳಗಿನಿಂದ ತಂದು ತಟ್ಟೆಗೆ ಹಾಕಿ ಅವರ ಮುಂದೆ ಇಟ್ಟೆ. "ಇಲ್ಲದ ಪದ, ತಿನ್ನಿ" ಎಂದೆ. ತಿಂದರು. ಇನ್ನೂ ಎರಡು ಕೇಳಿ ತಿಂದರು.

ಹೊಸ ಕಾಲ ಅಂತ ಗಡಿಯಾರವನ್ನು ಹತ್ತು ಸೆಕೆಂಡಿಗೆ ಇಳಿಸುವವರಿಗೆ ಒಂದೇ ಮಾತು. ಆ 30 ಸೆಕೆಂಡು ಮನೆಯಲ್ಲಿ ನೋಡುವವರದ್ದು. ಅಪ್ಪ ಒಂದು ಹೇಳುತ್ತಾನೆ, ಮಗಳು ಇನ್ನೊಂದು ಹೇಳುತ್ತಾಳೆ. ಅದಕ್ಕೆ ಜಾಗ ಬಿಡಿ. ಬಹುಮಾನದ ಚಿಂತೆಯೂ ಅಷ್ಟು ಬೇಡ. ಚಂದನದಲ್ಲಿ 2002ರಿಂದ ಬಂದ 'ಥಟ್ ಅಂತ ಹೇಳಿ' ಸರಿ ಉತ್ತರಕ್ಕೆ ಪುಸ್ತಕ ಕೊಟ್ಟುಕೊಂಡೇ ಜನರನ್ನು ಹಿಡಿದಿಟ್ಟಿತು.

ಮೊನ್ನೆ ಹಳೇ ವಿದ್ಯಾರ್ಥಿ ಫೋನ್ ಮಾಡಿದ್ದ. "ಅಕ್ಕೋರೇ, ಶಿರಸಿ ಮೂರು ಬಂತು. ಹೊನ್ನಾವರ ನಾಲ್ಕು ಬಂತು. ಚಕ್ಲಿ ಹೋಯ್ತು." ಖುಷಿಯಾಯಿತು. "ಸ್ತ್ರೀ?" ಎಂದೆ. ಆ ಕಡೆ ಟಕಟಕ ಕುಟ್ಟಿದ ಸದ್ದು. ಸ್ವಲ್ಪ ಹೊತ್ತು ಮಾತಿಲ್ಲ.

"ಮೂರು ಅಂತಿದೆ ಅಕ್ಕೋರೇ. ಈ ಶನಿವಾರ ಬರ್ಲಾ?"