"ಮಗಳಿಗೆ ಚಿತ್ರ, ಹಾಡು ಏನೂ ಬರಲ್ಲ. ಇಂಡಕ್ಷನ್ ಕಾರ್ಯಾಗಾರಕ್ಕೆ ಹೋಗಲೇಬೇಕಾ?"

ಪ್ರಶ್ನೆ: ಮಗಳು ಇಂಜಿನಿಯರಿಂಗ್ ಸೇರಿ ಐದು ದಿನ ಆಯಿತು. ಹಾಸ್ಟೆಲ್‌ನಲ್ಲಿದ್ದಾಳೆ. ಪಾಠ ಇನ್ನೂ ಶುರುವಾಗಿಲ್ಲ. ಇಂಡಕ್ಷನ್, ಅಂದರೆ ಹೊಸಬರನ್ನು ಕಾಲೇಜಿಗೆ ಹೊಂದಿಸುವ ಕಾರ್ಯಕ್ರಮ ಅಂತ ಚಿತ್ರ, ಹಾಡು, ನಾಟಕದ ಕಾರ್ಯಾಗಾರ ನಡೆಸುತ್ತಿದ್ದಾರಂತೆ. ಅವಳಿಗೆ ಇದ್ಯಾವುದೂ ಬರುವುದಿಲ್ಲ, ಮಾತೂ ಕಡಿಮೆ. "ಎಲ್ಲರ ಮುಂದೆ ನಗೆಪಾಟಲಾಗುತ್ತೆ, ಊರಿಗೆ ಬಂದು ಕ್ಲಾಸ್ ಶುರುವಾದ ಮೇಲೆ ಹೋಗ್ತೀನಿ" ಅನ್ನುತ್ತಿದ್ದಾಳೆ. ಕರೆಸಿಕೊಳ್ಳಲಾ?

ಬೇಡ. ದಯವಿಟ್ಟು ಕರೆಸಿಕೊಳ್ಳಬೇಡಿ.

ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆ ಮುಗಿದು, ಹಾಸಿಗೆ, ಬಕೆಟ್ಟು ಹೊತ್ತು ಮಕ್ಕಳನ್ನು ಹಾಸ್ಟೆಲ್‌ಗೆ ಬಿಟ್ಟ ಮರುವಾರ ಇದೇ ಪ್ರಶ್ನೆ ಬರುತ್ತದೆ. ಹೊಸ ವಿದ್ಯಾರ್ಥಿಗಳಿಗೆ ರಂಗ ಆಟ, ಮುಖವಾಡ ಮಾಡುವ ಕಾರ್ಯಾಗಾರ ನಡೆಸುತ್ತಾ ನನಗೆ ಎಂಟು ವರ್ಷವಾಯಿತು. ಎಂಟೂ ವರ್ಷ ಇದನ್ನೇ ಹೇಳಿದ್ದೇನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಇದು ಕಾಲೇಜಿನವರು ಹೊತ್ತು ಕಳೆಯಲು ಮಾಡಿಕೊಂಡ ಕಾರ್ಯಕ್ರಮವಲ್ಲ. ಐಐಟಿ ಗಾಂಧಿನಗರದಲ್ಲಿ 2011ರಲ್ಲೇ ಹೊಸಬರಿಗೆ ಐದು ವಾರಗಳ ಇಂಥ ತರಬೇತಿ ಶುರುವಾಯಿತು. 2017ರಲ್ಲಿ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಇಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವಾರಗಳ ಇಂಡಕ್ಷನ್ ತಂದಿತು. 2019ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 'ದೀಕ್ಷಾರಂಭ' ಅಂತ ಡಿಗ್ರಿ ಕಾಲೇಜುಗಳಿಗೂ ಹೇಳಿತು. ಆಟ, ಸುತ್ತಾಟ, ಚರ್ಚೆ ಎಲ್ಲ ಇದರಲ್ಲಿವೆ. ಕಲೆಯೂ ಇದೆ. ಎಲ್ಲರೂ ಎಡವುವುದು ಈ ಕಲೆ ಅನ್ನುವ ಮಾತಿನ ಹತ್ತಿರವೇ.

"ಅವಳಿಗೆ ಬರಲ್ಲ." ಈ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ಈಜು ಬರಲ್ಲ ಅನ್ನುವುದು ಅರ್ಥವಾಗುತ್ತದೆ, ನೀರಿಗಿಳಿದರೆ ಮುಳುಗುತ್ತಾಳೆ. ಮುಖವಾಡ ಮಾಡಲು ಬಲೂನಿನ ಮೇಲೆ ಮೈದಾ ಅಂಟು ಹಚ್ಚಿ ಪೇಪರ್ ಚೂರು ಅಂಟಿಸಲು ಏನು ಬರಬೇಕು ಹೇಳಿ?

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಜೊತೆಯವರು ಇದನ್ನು ಅಳೆದು ನೋಡಿದರು. 39 ಜನರಿಗೆ ಮಣ್ಣು, ಬಣ್ಣದ ಪೆನ್ನು, ಕಾಗದ ಕೊಟ್ಟು 45 ನಿಮಿಷ ಏನಾದರೂ ಮಾಡಿ ಅಂದರು. ಮೊದಲು ಮತ್ತು ಆಮೇಲೆ ಎಂಜಲು ಪರೀಕ್ಷಿಸಿದರು. ಸುಮಾರು 75 ಶೇಕಡಾ ಮಂದಿಯಲ್ಲಿ ಕಾರ್ಟಿಸಾಲ್, ಅಂದರೆ ನಾವು ಒತ್ತಡದಲ್ಲಿದ್ದಾಗ ದೇಹದಲ್ಲಿ ಏರುವ ಹಾರ್ಮೋನು, ಇಳಿದಿತ್ತು. 2016ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನಗೆ ಮುಖ್ಯವಾದ ಮಾತು ಬೇರೆಯೇ ಇದೆ. ಮೊದಲೇ ಕಲೆಯ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆ ಬಿಟ್ಟು ಐದು ದಿನವಾದ ಹುಡುಗಿಗೆ ಆ ಇಳಿತವೇ ಬೇಕಾದದ್ದು, ಅಲ್ವಾ?

ಇನ್ನು ಸ್ನೇಹದ ವಿಷಯ. ಪ್ರತಿಭೆ ಇದ್ದವರಿಗೆ ಬೇಗ ಗೆಳೆಯರಾಗುತ್ತಾರೆ ಅಂತ ನೀವು ಅಂದುಕೊಂಡಿದ್ದೀರಿ. ನಾನು ಕಂಡದ್ದು ಬೇರೆ. ಚೆನ್ನಾಗಿ ಹಾಡುವವಳನ್ನು ಎಲ್ಲರೂ ಸುಮ್ನೆ ಕೂತು ಕೇಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಎದ್ದು ಹೋಗುತ್ತಾರೆ. ಬಲೂನಿನ ಮೇಲೆ ಪೇಪರ್ ಅಂಟಿಸಲು ಹೋಗಿ ಜಾರಿಸಿಕೊಂಡವಳಿಗೆ ಮಾತ್ರ ಪಕ್ಕದವಳು ಕೈ ಕೊಡುತ್ತಾಳೆ. ಒಂದು ವರ್ಷ ಯಾದಗಿರಿ ಕಡೆಯ ಹುಡುಗ ಒಬ್ಬ, ಮಂಗಳೂರಿನ ಹುಡುಗ ಒಬ್ಬ, ಎರಡು ದಿನ ಒಂದೇ ಬೆಂಚಿನಲ್ಲಿ ಮಾತಿಲ್ಲದೆ ಕೂತಿದ್ದರು. ಮೂರನೇ ದಿನ ಮುಖವಾಡ ಮಾಡುವಾಗ ಮೊದಲ ಮಾತು ಬಂತು: "ಇದನ್ನ ಸ್ವಲ್ಪ ಹಿಡ್ಕೋರಿ." ಅಷ್ಟೇ. ನಾಲ್ಕನೇ ವರ್ಷದವರೆಗೂ ಒಂದೇ ರೂಮಿನಲ್ಲಿದ್ದರು.

ನಾನು ಮುಖವಾಡವನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಂಟು ಹತ್ತಿದ ಕೈಯಲ್ಲಿ ಫೋನ್ ಮುಟ್ಟಲಾಗುವುದಿಲ್ಲ. ಕಣ್ಣು ಕೆಲಸದ ಮೇಲಿರುವುದರಿಂದ ಎದುರಿನವರ ಮುಖ ನೋಡಿ ಮಾತಾಡಲೇಬೇಕು ಅಂತಿಲ್ಲ, ಮಾತು ಕಡಿಮೆ ಇರುವವರಿಗೆ ಅದೇ ಸಲೀಸು. ಜೊತೆಗೆ ಅದು ಒಣಗಲು ಎರಡು ದಿನ ಬೇಕು. ಬಣ್ಣ ಹಚ್ಚಲು ಅದೇ ಗುಂಪು ಅದೇ ಜಾಗಕ್ಕೆ ಮತ್ತೆ ಬರಬೇಕಾಗುತ್ತದೆ.

ಭಾಷೆಯ ಅಳುಕಿಗೂ ಇಲ್ಲಿ ಜಾಗವಿಲ್ಲ. ನಾವು ಆಡಿಸುವ ಎಷ್ಟೋ ರಂಗ ಆಟಗಳು ಹುಟ್ಟಿದ್ದೇ ಭಾಷೆ ಬಾರದ ಹೊಸಬರ ನಡುವೆ. ವಯೋಲಾ ಸ್ಪೋಲಿನ್ ಅನ್ನುವವರು 1930ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ವಲಸೆ ಬಂದ ಮನೆಗಳ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ವಿವರಿಸಿ ಹೇಳಿದರೆ ಆ ಮಕ್ಕಳಿಗೆ ತಲುಪುತ್ತಿರಲಿಲ್ಲ. ಹಾಗಾಗಿ ಪಾಠವನ್ನೇ ಆಟ ಮಾಡಿದರು. ಇಬ್ಬರು ಎದುರುಬದುರು ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡುವ ಕನ್ನಡಿ ಆಟ ಅವರು ಆಡಿಸುತ್ತಿದ್ದ ಆಟಗಳಲ್ಲಿ ಒಂದು. ನಮ್ಮ ಕೋಲಾಟವೂ ಹಾಗೇ. ಒಂದು ಸುತ್ತು ಮುಗಿದರೆ ಜೊತೆಗಾರರು ಬದಲಾಗುತ್ತಾರೆ. ಹತ್ತು ನಿಮಿಷದಲ್ಲಿ ಇಡೀ ಕ್ಲಾಸಿನ ಮುಖ ನೋಡಿ ಆಗಿರುತ್ತದೆ, ತಪ್ಪು ಎಲ್ಲರದೂ ಆಗಿರುತ್ತದೆ.

ನಗೆಪಾಟಲಿನ ಭಯಕ್ಕೂ ಒಂದು ಮಾತು. ಹೊಸಬರ ಜೊತೆ ಮಾತಾಡಿದ ಮೇಲೆ ನಾವು "ಅವರಿಗೆ ನಾನು ಅಷ್ಟು ಹಿಡಿಸಲಿಲ್ಲ" ಅಂದುಕೊಳ್ಳುತ್ತೇವೆ. ನಿಜದಲ್ಲಿ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಹಿಡಿಸಿರುತ್ತೇವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಕಾಲೇಜು ಹಾಸ್ಟೆಲ್‌ನ ರೂಮ್‌ಮೇಟ್‌ಗಳಲ್ಲೂ ಕಂಡಿತು. ತಿಂಗಳುಗಟ್ಟಲೆ ಜೊತೆಗಿದ್ದರೂ ಆ ತಪ್ಪು ಲೆಕ್ಕ ಹೋಗಿರಲಿಲ್ಲ. ಇದನ್ನು ಮಗಳಿಗೆ ಓದಿ ಹೇಳಿ.

ಈಗ "ಕ್ಲಾಸ್ ಶುರುವಾದ ಮೇಲೆ ಹೋಗ್ತೀನಿ" ಅನ್ನುವುದಕ್ಕೆ ಬರೋಣ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಲೆಕ್ಕದಂತೆ ಬರೀ ಪರಿಚಯ ಸಲಿಗೆಯಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಆಪ್ತ ಸ್ನೇಹವಾಗಲು 200 ಗಂಟೆಗೂ ಮೇಲೆ. ಸುಮ್ನೆ ಕ್ಲಾಸಿನಲ್ಲಿ ಪಕ್ಕ ಕೂತ ಹೊತ್ತಿಗಿಂತ ಆಡಿ, ಹರಟೆ ಹೊಡೆದ ಹೊತ್ತು ಹೆಚ್ಚು ತೂಗುತ್ತದೆ. ಮೂರು ವಾರ, ದಿನಕ್ಕೆ ಮೂರು ಗಂಟೆ ಅಂದುಕೊಳ್ಳಿ. ಉಳಿದವರೆಲ್ಲ ಆ 50 ದಾಟಿರುವಾಗ ನಿಮ್ಮ ಮಗಳು ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ.

ಎಲ್ಲ ಕಾರ್ಯಾಗಾರಗಳೂ ಚೆನ್ನಾಗಿರುತ್ತವೆ ಅಂತ ನಾನು ಹೇಳುವುದಿಲ್ಲ. ಮೊದಲ ದಿನವೇ ಮೈಕ್ ಕೊಟ್ಟು "ವೇದಿಕೆ ಮೇಲೆ ಬಂದು ಏನಾದರೂ ಮಾಡಿ" ಅನ್ನುವುದು ತಪ್ಪು. ಒಂದು ಕಾಲೇಜಿನಲ್ಲಿ ನಾನು ಮಾಡಿಸಿದ ಮುಖವಾಡಗಳನ್ನು ನನ್ನನ್ನು ಕೇಳದೆ ಸ್ಪರ್ಧೆಗಿಟ್ಟು ಬಹುಮಾನ ಕೊಟ್ಟರು. ಮಾರನೇ ದಿನ ಅರ್ಧ ಮಕ್ಕಳು ಬರಲೇ ಇಲ್ಲ. ಇವತ್ತಿಗೂ ಅದು ನೆನಪಾದರೆ ಬೇಸರವಾಗುತ್ತದೆ. ಮಗಳನ್ನು ಹಾಗೆ ಒಬ್ಬಳನ್ನೇ ನಿಲ್ಲಿಸುತ್ತಿದ್ದರೆ "ಗುಂಪಿನಲ್ಲಿ ಮಾಡ್ತೀನಿ ಸರ್" ಅನ್ನಲು ಹೇಳಿಕೊಡಿ. ಅಷ್ಟು ಕೇಳುವ ಹಕ್ಕು ಅವಳಿಗಿದೆ.

ಯಾರೂ ನನ್ನನ್ನು ಕೇಳದ ಇನ್ನೊಂದು ವಿಷಯವಿದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಬರುವ ಲ್ಯಾಟರಲ್ ಎಂಟ್ರಿ ಮಕ್ಕಳ ಗತಿ ಏನು? ಇಂಡಕ್ಷನ್ ಮೊದಲ ವರ್ಷದವರಿಗೆ. ಇವರು ಮೂರನೇ ಸೆಮಿಸ್ಟರ್‌ಗೆ ಬರುವ ಹೊತ್ತಿಗೆ ಗುಂಪುಗಳು ಆಗಿಹೋಗಿರುತ್ತವೆ, ಲ್ಯಾಬ್ ಬ್ಯಾಚ್‌ನಲ್ಲಿ ಕೊನೆಗೆ ಉಳಿದವರು ಇವರೇ. ಕೈಕೆಲಸದಲ್ಲಿ ಇವರು ಎಷ್ಟೋ ಮುಂದಿರುತ್ತಾರೆ, ಆದರೂ ಒಂದು ಮೂಲೆಯಲ್ಲಿ ನಾಲ್ಕೇ ಜನ ಊಟ ಮಾಡುವುದನ್ನು ನಾನು ನೋಡಿದ್ದೇನೆ. ಇವರಿಗೆ ಮೂರು ವಾರ ಕೊಡಲಾಗದಿದ್ದರೆ ಬೇಡ. ಇಡೀ ಎರಡನೇ ವರ್ಷದ ಕ್ಲಾಸಿನ ಜೊತೆ ಸೇರಿಸಿ ಪ್ರತಿ ಶನಿವಾರ ಮಧ್ಯಾಹ್ನ ಎರಡೆರಡು ಗಂಟೆ ಹೊತ್ತಿನಂತೆ ಒಂದು ತಿಂಗಳು ಕೊಟ್ಟರೂ ಸಾಕು. ಇದನ್ನು ಓದುತ್ತಿರುವ ಪ್ರಿನ್ಸಿಪಾಲರು, ಎಚ್‌ಒಡಿಗಳು ಯಾರಾದರೂ ಇದ್ದರೆ ಜಾಗ ಒಂದು ಕೊಡಿ. ಕೋಲಾಟದ ಕೋಲು ನಾನೇ ತರುತ್ತೇನೆ, ಅರವತ್ತು ಜೊತೆ ಇವೆ.