ಪೊರೆಯ ಎರಡು ಬದಿ: ಮೈಟೊಕಾಂಡ್ರಿಯದಲ್ಲಿ ಪ್ರೋಟಾನುಗಳ ದುಡಿಮೆ

ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಡೈನೈಟ್ರೊಫಿನಾಲ್ ಎಂಬ ಹಳದಿ ಪುಡಿಯನ್ನು ಸ್ಫೋಟಕಗಳಿಗೆ ಬೆರೆಸುತ್ತಿದ್ದ ಕೆಲಸಗಾರರು ವಿಪರೀತ ಬೆವರುತ್ತಿದ್ದರು, ಅವರ ಮೈ ಸುಡುತ್ತಿತ್ತು, ತೂಕ ಇಳಿಯುತ್ತಿತ್ತು. ಕೆಲವರು ಸತ್ತೂ ಹೋದರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಬೊಜ್ಜು ಕರಗಿಸುವ ಔಷಧವಾಗಿ ಪ್ರಯೋಗಿಸಿದರು. ತೂಕವೇನೋ ಇಳಿಯಿತು. ಆದರೆ ಔಷಧ ಜನರ ಕೈಸೇರಿದ ಮೇಲೆ ದೃಷ್ಟಿ ಮಂಜಾದವರ, ಇಳಿಯದ ಜ್ವರದಲ್ಲಿ ಸತ್ತವರ ಸುದ್ದಿಗಳೂ ಬರತೊಡಗಿದವು. 1938ರಲ್ಲಿ ಅಲ್ಲಿ ಅದರ ಬಳಕೆಗೆ ತಡೆ ಬಿತ್ತು.

ಈ ಪುಡಿ ಹೊಟ್ಟೆಗೆ ಹೋದರೆ ಉಂಡದ್ದೆಲ್ಲ ಎಂದಿಗಿಂತ ವೇಗವಾಗಿ ಉರಿಯುತ್ತದೆ, ಉಸಿರಾಟವೂ ಹೆಚ್ಚುತ್ತದೆ, ಆದರೂ ಜೀವಕೋಶಕ್ಕೆ ದಕ್ಕಬೇಕಾದ ಶಕ್ತಿ ದಕ್ಕುವುದಿಲ್ಲ. ಎಲ್ಲವೂ ಬರಿಯ ಬಿಸಿಯಾಗಿ ಹೋಗುತ್ತದೆ. ಹಾಗಾದರೆ ಆಹಾರ ಉರಿಯುವುದಕ್ಕೂ ಶಕ್ತಿ ಕೈಗೆ ಬರುವುದಕ್ಕೂ ನಡುವೆ ಯಾವುದೋ ಕೊಂಡಿ ಇದೆ, ಅದು ಇಲ್ಲಿ ಕಳಚಿದೆ ಎಂದಾಯಿತು.

ಜೀವಕೋಶ ತನ್ನ ಕೆಲಸಗಳಿಗೆ ವೆಚ್ಚ ಮಾಡುವುದು ಎಟಿಪಿ ಎಂಬ ಅಣುವನ್ನು. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್, ಅತ್ತ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಮತ್ತು ಆಂಧ್ರದಿಂದ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಇದನ್ನು ಗುರುತಿಸಿದರು. ಯಾವುದೇ ಕ್ಷಣದಲ್ಲಿ ನಮ್ಮ ದೇಹದಲ್ಲಿರುವ ಎಟಿಪಿ ಅತ್ಯಲ್ಪ. ಆದರೆ ಒಂದು ದಿನದಲ್ಲಿ ಒಡೆದು ಮತ್ತೆ ಕಟ್ಟುವ ಎಟಿಪಿಯನ್ನೆಲ್ಲ ಕೂಡಿಸಿದರೆ ಅದು ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟಾಗುತ್ತದೆ. ಇದರ ಬಹುಪಾಲನ್ನು ಕಟ್ಟುವುದು ಜೀವಕೋಶದೊಳಗಿನ ಪುಟ್ಟ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳ ಒಳಪೊರೆಯಲ್ಲಿ.

1950ರ ದಶಕದ ಜೀವರಸಾಯನ ವಿಜ್ಞಾನಿಗಳು ಆ ಕೊಂಡಿಯನ್ನು ಒಂದು ರಾಸಾಯನಿಕವೆಂದೇ ನಂಬಿ, ಶಕ್ತಿಯನ್ನು ಹೊತ್ತು ಎಟಿಪಿಗೆ ದಾಟಿಸುವ ಸಂಯುಕ್ತವೊಂದಕ್ಕಾಗಿ ವರ್ಷಗಟ್ಟಲೆ ಹುಡುಕಿದರು. ಅದು ಸಿಗಲಿಲ್ಲ. 1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್, ಅಂಥ ಸಂಯುಕ್ತವೇ ಬೇಕಿಲ್ಲ ಎಂದರು: ಶಕ್ತಿ ಇರುವುದು ಪೊರೆಯ ಎರಡು ಬದಿಗಳ ನಡುವಿನ ವ್ಯತ್ಯಾಸದಲ್ಲಿ. ನನ್ನ ಮಟ್ಟಿಗೆ ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದಲ್ಲಿ ಇಷ್ಟು ದಿಟ್ಟವಾದ ಆಲೋಚನೆಗಳು ಕೆಲವೇ.

ಆಹಾರದಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳ ಸಾಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗಿ, ಕೊನೆಗೆ ನಾವು ಉಸಿರಾಡಿದ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಈ ಹಾದಿಯ ಮೂರು ಘಟ್ಟಗಳಲ್ಲಿ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಹೈಡ್ರೋಜನ್ನನ್ನು, ಒಳಗಿನಿಂದ ಹೊರಕ್ಕೆ ದೂಡುತ್ತದೆ. ಮೂರೂ ಘಟ್ಟಗಳನ್ನು ದಾಟಿದ ಒಂದು ಜೋಡಿ ಎಲೆಕ್ಟ್ರಾನು ಸುಮಾರು 10 ಪ್ರೋಟಾನುಗಳನ್ನು ಹೊರಹಾಕಿರುತ್ತದೆ. ಪೊರೆ ಅವುಗಳನ್ನು ಸುಲಭವಾಗಿ ಮರಳಗೊಡದ ಕಾರಣ ಹೊರಗೆ ದಟ್ಟಣೆ ಬೆಳೆಯುತ್ತದೆ. ಇದನ್ನು ಅಣೆಕಟ್ಟೆಗೆ ಹೋಲಿಸುವುದು ವಾಡಿಕೆ, ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಪ್ರೋಟಾನು ಧನ ವಿದ್ಯುದಂಶವುಳ್ಳ ಕಣವಾದ್ದರಿಂದ, ದಟ್ಟಣೆ ಅದನ್ನು ಹೊರಗಿನಿಂದ ಒತ್ತುವುದಲ್ಲದೆ ಪೊರೆಯ ಒಳಬದಿಯ ಋಣ ವಿದ್ಯುದಂಶವೂ ತನ್ನತ್ತ ಸೆಳೆಯುತ್ತದೆ. ಮೈಟೊಕಾಂಡ್ರಿಯದಲ್ಲಿ ಈ ಸೆಳೆತದ ಪಾಲೇ ದೊಡ್ಡದು. ಅದರ ಅಳತೆ ಸುಮಾರು 150ರಿಂದ 180 ಮಿಲಿವೋಲ್ಟ್ ಮಾತ್ರ. ಆದರೆ ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಐದಾರು ಪಾಲಷ್ಟೇ ಆಗಿರುವುದರಿಂದ, ಲೆಕ್ಕ ಹಾಕಿದರೆ ಅದು ಮೀಟರಿಗೆ ಸುಮಾರು 3 ಕೋಟಿ ವೋಲ್ಟಿಗೆ ಸಮ. ಒಣ ಗಾಳಿಯಲ್ಲಿ ಕಿಡಿ ಹಾರಲು ಇದರ ಹತ್ತನೇ ಒಂದು ಪಾಲು ಸಾಕು.

ಮರಳುವ ಪ್ರೋಟಾನುಗಳಿಗೆ ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಕಿಣ್ವ. ಅದರ ಬುಡದ ಉಂಗುರ ಪ್ರೋಟಾನುಗಳು ಹಾದುಹೋದಂತೆಲ್ಲ ತಿರುಗುತ್ತದೆ, ಜೊತೆಗೆ ನಡುವಿನ ಕಂಬವೂ ತಿರುಗಿ ತಲೆಭಾಗವನ್ನು ಮತ್ತೆ ಮತ್ತೆ ಹಿಚುಕಿ ಸಡಿಲಿಸುತ್ತದೆ. ಎಟಿಪಿ ಕಟ್ಟುವುದು ಅಲ್ಲಿಯೇ. ಹಸುವಿನ ಹೃದಯದ ಮೈಟೊಕಾಂಡ್ರಿಯದಲ್ಲಿ ಒಂದು ಸುತ್ತಿಗೆ 8 ಪ್ರೋಟಾನುಗಳು ಒಳಬರುತ್ತವೆ, 3 ಎಟಿಪಿ ಹೊರಬೀಳುತ್ತವೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಕಿಣ್ವದ ಕಂಬಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಎಟಿಪಿಯನ್ನು ಉಣಿಸಿ ಕಿಣ್ವವನ್ನು ಹಿಮ್ಮುಖವಾಗಿ ನಡೆಸಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಮಿಚೆಲ್ಲರ ಮಾತನ್ನು ಬಹುಕಾಲ ಹೆಚ್ಚಿನವರು ಒಪ್ಪಿರಲಿಲ್ಲ. ಆರೋಗ್ಯ ಕೆಟ್ಟು ಎಡಿನ್‌ಬರೊ ವಿಶ್ವವಿದ್ಯಾಲಯವನ್ನು ಬಿಟ್ಟ ಅವರು ಕಾರ್ನ್‌ವಾಲ್‌ನ ಹಳೆಯ ಬಂಗಲೆಯೊಂದನ್ನು ದುರಸ್ತಿ ಮಾಡಿಸಿ, ಸಹೋದ್ಯೋಗಿ ಜೆನಿಫರ್ ಮಾಯ್ಲ್ ಜೊತೆ ಅಲ್ಲಿಯೇ ಪ್ರಯೋಗ ಮುಂದುವರಿಸಿದರು. 1974ರಲ್ಲಿ ಎಫ್ರೇಮ್ ರ್‍ಯಾಕರ್ ಮತ್ತು ವಾಲ್ಟರ್ ಸ್ಟೋಕೇನಿಯಸ್ ನಡೆಸಿದ ಪ್ರಯೋಗ ಅನೇಕರ ಅನುಮಾನವನ್ನು ಕಳೆಯಿತು. ಉಪ್ಪುನೀರಿನ ಸೂಕ್ಷ್ಮಜೀವಿಯೊಂದು ಬೆಳಕಿನ ಬಲದಿಂದ ಪ್ರೋಟಾನುಗಳನ್ನು ದೂಡಲು ಬಳಸುವ ಪ್ರೋಟೀನನ್ನು ಅವರು ಕೊಬ್ಬಿನ ಪುಟ್ಟ ಗುಳ್ಳೆಗಳ ಪೊರೆಯಲ್ಲಿ ಕೂರಿಸಿ, ಅದೇ ಪೊರೆಗೆ ದನದ ಹೃದಯದ ಎಟಿಪಿ ಕಿಣ್ವವನ್ನೂ ಸೇರಿಸಿದರು. ಬೆಳಕು ಬಿಟ್ಟಾಗ ಎಟಿಪಿ ತಯಾರಾಯಿತು. ಎಲ್ಲಿಯ ಉಪ್ಪುಕೊಳ, ಎಲ್ಲಿಯ ದನದ ಹೃದಯ! ಇವೆರಡರ ನಡುವೆ ಗುಟ್ಟಿನ ಸಂಯುಕ್ತವೊಂದು ಓಡಾಡುವ ಸಂಭವವೇ ಇರಲಿಲ್ಲ. ಎರಡಕ್ಕೂ ಸಾಮಾನ್ಯವಾಗಿದ್ದದ್ದು ಪ್ರೋಟಾನುಗಳು ಮಾತ್ರ. 1978ರಲ್ಲಿ ಮಿಚೆಲ್ಲರಿಗೆ ರಸಾಯನವಿಜ್ಞಾನದ ನೊಬೆಲ್ ಬಂತು.

ಡೈನೈಟ್ರೊಫಿನಾಲ್ ಮಾಡುವ ಕೇಡು ಈಗ ಸರಳವಾಗಿ ಕಾಣುತ್ತದೆ. ಕೊಬ್ಬಿನಲ್ಲಿ ಕರಗಬಲ್ಲ ಆ ಅಣು ಪೊರೆಯ ಹೊರಗೆ ಪ್ರೋಟಾನನ್ನು ಎತ್ತಿಕೊಂಡು, ಕಿಣ್ವದ ದಾರಿಯನ್ನು ತಪ್ಪಿಸಿ, ಒಳಗೆ ಇಳಿಸಿ ಬರುತ್ತದೆ. ತೆಳ್ಳಗಾಗುವ ಆಸೆಯಿಂದ ಅದನ್ನು ಗುಟ್ಟಾಗಿ ಕೊಂಡು ನುಂಗಿ ಸಾಯುವವರು ಇಂದಿಗೂ ಇದ್ದಾರೆ, ಅದಕ್ಕೆ ಪ್ರತಿವಿಷವಿಲ್ಲ.

ಆದರೆ ಇಂಥದೇ ಸೋರಿಕೆಯನ್ನು ದೇಹ ಒಂದು ಕಡೆ ತಾನಾಗಿಯೇ ಇಟ್ಟುಕೊಂಡಿದೆ. ಹಸುಗೂಸು ಚಳಿಗೆ ನಮ್ಮಂತೆ ನಡುಗಿ ಬೆಚ್ಚಗಾಗಲಾರದು. ಅದರ ಹೆಗಲ ಮೂಳೆಗಳ ನಡುವೆ, ಮೂತ್ರಪಿಂಡಗಳ ಸುತ್ತ ಇರುವ ಕಂದು ಕೊಬ್ಬಿನ ಮೈಟೊಕಾಂಡ್ರಿಯಗಳಲ್ಲಿ ಪ್ರೋಟಾನುಗಳಿಗೆಂದೇ ಒಂದು ಹಿಂಬಾಗಿಲಿದೆ. ಚಳಿ ತಾಗಿದೊಡನೆ ನರಗಳ ಸಂದೇಶದಿಂದ ಕೊಬ್ಬು ಕರಗಿ, ಆ ಕೊಬ್ಬಿನಾಮ್ಲಗಳೇ ಬಾಗಿಲನ್ನು ತೆರೆಯುತ್ತವೆ. ಪ್ರೋಟಾನುಗಳು ಎಟಿಪಿಯನ್ನು ಕಟ್ಟದೆ ಒಳನುಗ್ಗಿ, ಮಗುವಿನ ರಕ್ತವನ್ನು ಬಿಸಿ ಮಾಡುತ್ತವೆ. ಮೈ ಬೆಚ್ಚಗಾದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ.